ಉಚಿತ ಚಿತ್ರಗಳಲ್ಲಿ ಸುಟ್ಟ ಹಳ್ಳಿ ಗುರುತಿಸುವುದು: ನನ್ನ ಅನುಭವ

ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಹತ್ತು ಮೀಟರ್ ಚಿತ್ರದಲ್ಲಿ (ಒಂದು ಪಿಕ್ಸೆಲ್ಲಿಗೆ ಹತ್ತು ಮೀಟರ್ ನೆಲ) ಪಶ್ಚಿಮ ಆಫ್ರಿಕದ ದನಗಾಹಿ ಜನಾಂಗವಾದ ಫುಲಾನಿಗಳ ಗುಡಿಸಲು ಸುಟ್ಟಿದ್ದು ಕಾಣುವುದೇ ಇಲ್ಲ ಎಂದು ಇದೇ ಕೆಲಸದಲ್ಲಿರುವ ಹಲವರು ಹೇಳಿದ್ದರು. ಕಾಣುತ್ತದೆ. ಮಾಲಿ, ಬುರ್ಕಿನಾ ಫಾಸೊ, ನೈಜರ್ ಕೂಡುವ ಕಡೆ ನಲವತ್ತರಷ್ಟು ಹಳ್ಳಿಗಳನ್ನು ಪರೀಕ್ಷಿಸಿದೆ. ಮೂವತ್ತರ ಆಸುಪಾಸು ದುಬಾರಿ ಚಿತ್ರಗಳೊಂದಿಗೆ ತಾಳೆಯಾದವು.

ಮೊದಲು ಸೋತಿದ್ದು ಸುಟ್ಟ ಜಾಗ ಗುರುತಿಸುವ ಸೂಚ್ಯಂಕವಾದ ಎನ್‌ಬಿಆರ್‌ನಲ್ಲಿ. ಅದಕ್ಕೆ ಬೇಕಾದ ಬ್ಯಾಂಡ್ (ಬೆಳಕಿನ ಪಟ್ಟಿ) 12 ಇಪ್ಪತ್ತು ಮೀಟರಿನದು, ಗುಡಿಸಲಿನ ಅಗಲ ನಾಲ್ಕೈದು ಮೀಟರ್. ಸುಟ್ಟ ಕಪ್ಪು ಬರಿ ನೆಲದ ಹೊಳಪಿನಲ್ಲಿ ಕರಗಿಹೋಯಿತು. ಬೇಸಿಗೆಯ ಹುಲ್ಲುಗಾವಲಿನ ಬೆಂಕಿ ಮಾತ್ರ ಎದ್ದು ಕಂಡಿತು. ಉಪಗ್ರಹ ಕಂಡ ಬೆಂಕಿಗಳನ್ನು ನಕ್ಷೆಯಲ್ಲಿ ತೋರಿಸುವ ನಾಸಾದ ಫರ್ಮ್ಸ್ ಬಿಂದುಗಳನ್ನು ನಂಬಿಯೂ ಕೆಟ್ಟೆ. ಅದರ ಹಿಂದಿರುವ ಉಪಗ್ರಹ ಸಂವೇದಕ ವಿಐಐಆರ್‌ಎಸ್ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಸುಮಾರಿಗೆ. ಹುಲ್ಲಿನ ಚಾವಣಿ ಬೂದಿಯಾಗಲು ಒಂದು ಗಂಟೆ ಸಾಕು. ಬೆಳಗ್ಗೆ ಹಚ್ಚಿದ ಬೆಂಕಿ ಅದಕ್ಕೆ ಸಿಗದು. ಬಿಂದುವಿಲ್ಲವೆಂದರೆ ಬೆಂಕಿಯೇ ಬಿದ್ದಿಲ್ಲ ಎಂದು ಬರೆಯಬೇಡಿ.

ಕೊನೆಗೆ ಕೈಹಿಡಿದಿದ್ದು ಹತ್ತು ಮೀಟರಿನ 2, 3, 4, 8ನೇ ಬ್ಯಾಂಡ್‌ಗಳು ಮಾತ್ರ. ಘಟನೆಗೆ ಮುಂಚಿನ ಮೂರು ಚಿತ್ರಗಳ ಮಧ್ಯಾಂಕ ತೆಗೆದು, ಹಳ್ಳಿಯೊಳಗಿನ ಪ್ರತಿ ಪಿಕ್ಸೆಲ್ಲನ್ನು ಹಳ್ಳಿಯ ಸುತ್ತಲಿನ ಬರಿನೆಲದ ಉಂಗುರದ ಹೊಳಪಿನಿಂದ ಭಾಗಿಸುತ್ತೇನೆ. ಸಹಾರಾದಿಂದ ಬೀಸುವ ಒಣಗಾಳಿ ಹಾರ್ಮಟಾನ್‌ನ ಧೂಳು ಎರಡರ ಮೇಲೂ ಒಂದೇ ರೀತಿ ಕೂರುವುದರಿಂದ ಹೆಚ್ಚುಕಡಿಮೆ ಕಳೆದುಹೋಗುತ್ತದೆ. ಅದಕ್ಕೆ ಹೋಲಿಸುವುದು ಘಟನೆಯ ನಂತರ ಸಿಗುವ ಮೊದಲ ಚಿತ್ರವನ್ನೇ ಆಗಬೇಕು. ಗಾಳಿಗೆ ಬೂದಿ ಹೆಚ್ಚು ಕಾಲ ಉಳಿಯುವುದಿಲ್ಲ. ಅಳತೆ ಕೂರಿಸಿಕೊಂಡಿದ್ದು ಮಾಲಿಯ ಒಗೊಸಾಗು ಹಳ್ಳಿಯ ಮೇಲೆ: 2019ರ ಮಾರ್ಚ್ 23ರಂದು ಅಲ್ಲಿ 150ಕ್ಕೂ ಹೆಚ್ಚು ಫುಲಾನಿಗಳನ್ನು ಕೊಂದು ಮನೆಗಳನ್ನು ಸುಟ್ಟಿದ್ದರು. ದಿನ ಖಚಿತ, ಜಾಗ ಖಚಿತ.

ಆಕಾರ ನೋಡಿ. ಹುಲ್ಲುಗಾವಲಿನ ಬೆಂಕಿ ಹೊರಗಿನಿಂದ ಒಂದೇ ಪಟ್ಟಿಯಾಗಿ ಬಂದು ಹಳ್ಳಿಯಂಚಿನ ಬರಿನೆಲದಲ್ಲಿ ನಿಲ್ಲುತ್ತದೆ. ಹಚ್ಚಿದ ಬೆಂಕಿಯ ಕಪ್ಪು ಅಂಗಳದಿಂದ ಅಂಗಳಕ್ಕೆ ಬಿಡಿಬಿಡಿ. ನಡುವಿನ ನೆಲ ಸುಟ್ಟಿರುವುದಿಲ್ಲ. ಎಷ್ಟು ಕಪ್ಪಾದರೆ ಸುಟ್ಟಿದ್ದೆಂದು ಎಣಿಸುತ್ತೇನೆಂಬ ಮಿತಿಯನ್ನು ಬರೆಯುವುದಿಲ್ಲ. ಸುಡುವವರೂ ಓದುತ್ತಾರೆ.

ಖರ್ಚಿನ ಮಾತು. ಐವತ್ತು ಸೆಂಟಿಮೀಟರಿನ ಹಳೆಯ ಚಿತ್ರಕ್ಕೆ ಚದರ ಕಿಲೋಮೀಟರಿಗೆ ಹತ್ತು-ಹದಿನೈದು ಡಾಲರ್, ಕನಿಷ್ಠ ಇಪ್ಪತ್ತೈದು ಚದರ ಕಿಲೋಮೀಟರ್. ಅಂದರೆ ಒಂದು ಹಳ್ಳಿಗೆ ಮುನ್ನೂರರ ಆಚೀಚೆ, ಮೊದಲಿನದು ನಂತರದ್ದು ಎರಡೂ ಬೇಕೆಂದರೆ ದುಪ್ಪಟ್ಟು. ಉಚಿತ ಚಿತ್ರದಲ್ಲಿ ಜರಡಿ ಹಿಡಿದು, ಅನುಮಾನ ಉಳಿದವಕ್ಕೆ ಮಾತ್ರ ಹಣ ಕೊಡಿ.

ನಾಲ್ಕು ಚಿತ್ರ ದಂಡವಾಗಿದ್ದು ಹೆಸರಿನಿಂದ. ಫುಲಾನಿಗಳ ಭಾಷೆ ಫುಲ್‌ಫುಲ್ದೆಯಲ್ಲಿ ಹಳ್ಳಿಗೆ 'ವುರೊ', ಫ್ರೆಂಚ್ ನಕ್ಷೆಯಲ್ಲಿ 'ಊರೊ'. ನಮ್ಮ ಊರಿಗೂ ಅದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಹತ್ತಿರ. ಒಂದೇ ಹೆಸರು ಗಡಿಯ ಎರಡೂ ಬದಿ ಸಿಗುತ್ತದೆ. ಅಕ್ಷಾಂಶ-ರೇಖಾಂಶ ಕೈಗೆ ಬರುವವರೆಗೆ ಕೊಳ್ಳಬೇಡಿ.

ಮಳೆಗಾಲದ ಮೋಡಕ್ಕೆಂದು ಸೆಂಟಿನೆಲ್-1ರ ರೇಡಾರನ್ನೂ ಪ್ರಯತ್ನಿಸಿದೆ. ನೆಲದ ತೇವವೇ ಎಲ್ಲವನ್ನೂ ನುಂಗಿತು. ಬದಲಿಗೆ ಮುಂದಿನ ಕೊಯ್ಲು ನೋಡಿದ್ದು ಫಲ ಕೊಟ್ಟಿತು: ಜನ ಓಡಿಹೋದ ಹಳ್ಳಿಯ ಹೊಲ ಆಗಸ್ಟಿನಲ್ಲಿ ಕಳೆಯಿಂದಲೇ ಹಸಿರಾಗಿ ಮೋಸ ಮಾಡುತ್ತದೆ, ಆದರೆ ಕೊಯ್ಲಿನ ಹೊತ್ತಿಗೆ ಬರಿದಾಗುವುದಿಲ್ಲ.

ಯಾರು ಸುಟ್ಟರೆಂದು ಚಿತ್ರ ಹೇಳದು. 2023ರ ಸೆಪ್ಟೆಂಬರ್ 16ರ ಲಿಪ್ಟಾಕೊ-ಗೂರ್ಮಾ ಒಪ್ಪಂದದಲ್ಲಿ ಮೂರೂ ದೇಶಗಳು ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಬರೆದುಕೊಂಡ ಮೇಲೆ, ಒಂದರ ಸೇನೆ ಇನ್ನೊಂದರ ನೆಲಕ್ಕೂ ಬರಬಹುದಾದ್ದರಿಂದ ಗಡಿಯ ಯಾವ ಬದಿ ಎಂಬುದರಿಂದ ಯಾವ ಸೇನೆ ಎಂದು ಊಹಿಸುವಂತಿಲ್ಲ. ಜಿಹಾದಿ ಗುಂಪುಗಳೂ ಹಳ್ಳಿ ಸುಡುತ್ತವೆ. ನನ್ನ ವರದಿಯಲ್ಲಿ ಮೂರೇ ಕಲಮು: ಜಾಗ, ಎರಡು ಚಿತ್ರಗಳ ನಡುವಿನ ದಿನಗಳು, ಸುಟ್ಟ ಅಂಗಳಗಳ ಎಣಿಕೆ. ಹೆಸರು ಹೇಳುವುದು ಬದುಕುಳಿದವರ ಸಾಕ್ಷ್ಯದ ಕೆಲಸ.