ಒಂದು ಕಾಲು ಜಾಸ್ತಿ

ಅಕ್ಕನ ಮಗನಿಗೆ ಕಂಪ್ಯೂಟರ್ ಜೋಡಿಸಿಕೊಡುತ್ತೇನೆ ಅಂತ ಒಪ್ಪಿಕೊಂಡವನು ನಾನೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಲೆದು ಸಾಮಾನು ತಂದೆವು. ರೈಜನ್ 5 5600ಜಿ ಪ್ರೊಸೆಸರ್, ಉಳಿದ ಭಾಗಗಳೆಲ್ಲ ಕೂರುವ ಬಿ450 ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಎಲ್ಲಕ್ಕೂ ಕರೆಂಟು ಕೊಡುವ ಡಬ್ಬ, ಅಂದರೆ 550 ವ್ಯಾಟಿನ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಮಾತ್ರ ಅವನ ಗೆಳೆಯನದು, ಹಳೆಯದು.

ಸಂಜೆ ಎಲ್ಲ ಜೋಡಿಸಿ ಪವರ್ ಬಟನ್ ಒತ್ತಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಅದೂ ಇಲ್ಲ. ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಅರ್ಧ ಸುತ್ತು.

"ಮಾವ, ಸುಟ್ಟುಹೋಯ್ತಾ?" ಅಂದ ಹುಡುಗ.

"ಸುಮ್ನಿರೋ" ಅಂದೆ. ಒಳಗೊಳಗೇ ನನಗೂ ಅದೇ ಭಯ.

ಮೊದಲು ಅನುಮಾನ ಬಿದ್ದದ್ದು ಬಯೋಸ್ ಮೇಲೆ, ಅಂದರೆ ಕಂಪ್ಯೂಟರನ್ನು ಎಬ್ಬಿಸೋಕೆ ಬೋರ್ಡಿನಲ್ಲೇ ಇರುವ ಮೂಲ ಸಾಫ್ಟ್‌ವೇರಿನ ಮೇಲೆ. ಬಿ450 ಬೋರ್ಡುಗಳು 2018ರಲ್ಲಿ ಬಂದವು, ಈ ಪ್ರೊಸೆಸರ್ 2021ರದ್ದು. ಬಯೋಸ್ ಹಳೆಯದಾಗಿದ್ದರೆ ಬೋರ್ಡು ಪ್ರೊಸೆಸರನ್ನು ಗುರುತೇ ಹಿಡಿಯುವುದಿಲ್ಲ. ಆದರೆ ಆಗ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆ ಮಾತ್ರ ಕಪ್ಪಗಿರುತ್ತದೆ. ರ‍್ಯಾಮ್ ಸರಿಯಾಗಿ ಕೂರದಿದ್ದರೂ ಹಾಗೇ. ಇಲ್ಲಿ ಕರೆಂಟೇ ಕಟ್ ಆಗುತ್ತಿತ್ತು. ಈ ವ್ಯತ್ಯಾಸವನ್ನು ಆಗಲೇ ಗಮನಿಸಿದ್ದರೆ ಆ ರಾತ್ರಿ ನಿದ್ದೆಯಾದರೂ ಮಾಡಬಹುದಿತ್ತು. ನಾನು ರ‍್ಯಾಮ್ ತೆಗೆದು ಹಾಕಿ, ತೆಗೆದು ಹಾಕಿ, ಹನ್ನೊಂದು ಗಂಟೆ ಮಾಡಿದೆ. ಪ್ರೊಸೆಸರ್ ಪಕ್ಕದ ಎಂಟು ಪಿನ್ನಿನ ಕೇಬಲ್ ಮರೆತಿದ್ದೀನಾ ಅಂತ ಮೂರು ಸಲ ನೋಡಿದೆ. ಮರೆತಿರಲಿಲ್ಲ.

ಬೆಳಿಗ್ಗೆ ಎದ್ದಾಗ ಎಸ್‌ಎಂಪಿಎಸ್ಸೇ ಕಳ್ಳ ಅಂತ ತೀರ್ಮಾನ ಮಾಡಿಯಾಗಿತ್ತು. ಅದಕ್ಕೊಂದು ಪರೀಕ್ಷೆ ಇದೆ. ಪ್ಲಗ್ ತೆಗೆದು, ಬೋರ್ಡಿಗೆ, ಡಿಸ್ಕಿಗೆ ಹೋಗುವ ಕೇಬಲ್ಲುಗಳನ್ನೆಲ್ಲ ಬಿಚ್ಚಿ, ಒಂದು ಫ್ಯಾನ್ ಮಾತ್ರ ಸಿಕ್ಕಿಸಬೇಕು. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯ ಪಿನ್ನನ್ನೂ ಕಪ್ಪು ತಂತಿಯ ಪಿನ್ನನ್ನೂ ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಆಮೇಲೆ ಸ್ವಿಚ್ ಹಾಕಬೇಕು. (ಕೆಲವು ಎಸ್‌ಎಂಪಿಎಸ್‌ಗಳಲ್ಲಿ ತಂತಿಗಳೆಲ್ಲ ಕಪ್ಪೇ. ಆಗ ಪಿನ್ನಿನ ಲೆಕ್ಕ ನೋಡಿಕೊಳ್ಳಬೇಕು, ಹಸಿರು ತಂತಿಯ ಜಾಗ 16ನೆಯದು.) ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಫ್ಯಾನ್ ಚೆನ್ನಾಗೇ ತಿರುಗಿತು. ಅಷ್ಟಕ್ಕೇ ಎಸ್‌ಎಂಪಿಎಸ್ ಪೂರ್ತಿ ಸರಿ ಅನ್ನೋಕಾಗಲ್ಲ, ಆದರೆ ಸತ್ತಿಲ್ಲ ಅಂತ ಗೊತ್ತಾಯಿತು.

ಆದರೂ ಜಗಳವಾಡುವ ದನಿಯಲ್ಲೇ ಅಂಗಡಿಗೆ ಫೋನ್ ಮಾಡಿದೆ. ಆತ ಕೇಳಿದ್ದು ಒಂದೇ ಮಾತು: "ಸಾರ್, ಬೋರ್ಡನ್ನ ಕ್ಯಾಬಿನೆಟ್ಟಿಂದ ಆಚೆ ತೆಗೆದು ಡಬ್ಬದ ಮೇಲಿಟ್ಟು ಆನ್ ಮಾಡಿ ನೋಡಿದ್ರಾ?"

ನೋಡಿರಲಿಲ್ಲ.

ಎಲ್ಲ ಬಿಚ್ಚಿದೆ. ಮದರ್‌ಬೋರ್ಡ್ ಬಂದಿದ್ದ ರಟ್ಟಿನ ಡಬ್ಬದ ಮೇಲೇ ಅದನ್ನು ಮಲಗಿಸಿದೆ. ಪ್ರೊಸೆಸರ್, ಅದರ ಕೂಲರ್, ಪ್ರೊಸೆಸರಿನಿಂದ ಎರಡನೇ ಸ್ಲಾಟಿನಲ್ಲಿ ಒಂದೇ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಡಿಸ್ಕ್ ಇಲ್ಲ. 5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇರುವುದರಿಂದ ಮಾನಿಟರಿನ ಕೇಬಲ್ಲನ್ನು ಬೋರ್ಡಿಗೇ ಕೊಟ್ಟೆ. ಬಟನ್ ಕ್ಯಾಬಿನೆಟ್ಟಿನಲ್ಲಿ ಉಳಿದಿತ್ತಲ್ಲ, ಅದಕ್ಕೆ ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಫ್ಯಾನ್ ತಿರುಗಿತು. ನಿಲ್ಲಲಿಲ್ಲ. ಒಂದಿಷ್ಟು ಹೊತ್ತಿಗೆ ಬಯೋಸ್ ಪರದೆ ಬಂತು. ಹುಡುಗ ಕೂಗಿದ ಕೂಗಿಗೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಅಂದರೆ ಆಚೆ ಸರಿ, ಒಳಗೆ ಇಲ್ಲ. ಟಾರ್ಚ್ ಹಿಡಿದು ಖಾಲಿ ಕ್ಯಾಬಿನೆಟ್ ನೋಡಿದೆ. ಬೋರ್ಡಿನ ಅಡಿಗೆ ಹಿತ್ತಾಳೆಯ ಪುಟ್ಟ ಕಾಲುಗಳು ಬರುತ್ತವೆ, ಸ್ಟ್ಯಾಂಡಾಫ್ ಅನ್ನುತ್ತಾರೆ. ಬೋರ್ಡು ತಗಡಿಗೆ ತಾಗದ ಹಾಗೆ ಎತ್ತಿ ಹಿಡಿಯೋದು ಅವುಗಳ ಕೆಲಸ. ಬೋರ್ಡಿನಲ್ಲಿ ಸ್ಕ್ರೂ ತೂತು ಎಲ್ಲೆಲ್ಲಿದೆಯೋ ಅಲ್ಲಿ ಮಾತ್ರ ಅವು ಇರಬೇಕು. ನಾನು ಅವು ಬಂದಿದ್ದ ಪೊಟ್ಟಣದಲ್ಲಿ ಉಳಿದಿದ್ದ ಒಂದನ್ನು ಮಧ್ಯೆ ಖಾಲಿ ಕಂಡ ಕಡೆ ತಿರುಗಿಸಿ ಕೂರಿಸಿದ್ದೆ. ಇನ್ನೊಂದು ಕಾಲಿದ್ದರೆ ಬೋರ್ಡು ಗಟ್ಟಿಯಾಗಿ ಕೂತೀತು ಅನ್ನೋ ನನ್ನ ಬುದ್ಧಿವಂತಿಕೆ! ಆ ಜಾಗದಲ್ಲಿ ಬೋರ್ಡಿಗೆ ತೂತಿರಲಿಲ್ಲ, ಬೆನ್ನಿನ ಬೆಸುಗೆ ಚುಕ್ಕೆಗಳಿದ್ದವು. ಹಿತ್ತಾಳೆ ಅವುಗಳಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಪಾಪ, ಎಸ್‌ಎಂಪಿಎಸ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಶಾರ್ಟ್ ಕಂಡ ತಕ್ಷಣ ಕರೆಂಟು ಕಡಿದು, ಹಿಂದಿನ ಸ್ವಿಚ್ ಆಫ್ ಮಾಡಿ ಹಾಕುವ ತನಕ ಬಟನ್ನಿಗೆ ಓಗೊಡದೆ ಕೂತಿತ್ತು. ಬೋರ್ಡು ಉಳಿದದ್ದೂ ಅದರಿಂದಲೇ ಇರಬೇಕು.

ಆ ಕಾಲು ಕಿತ್ತು ಮತ್ತೆ ಜೋಡಿಸಿದೆ. ಈ ಸಲ ಪ್ರತಿ ತೂತಿಗೂ ಕಾಲು ಎಣಿಸಿಕೊಂಡು. ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪರದೆ ಮತ್ತೆ ಕಪ್ಪಾಗಿ ಎದೆ ಧಸಕ್ಕೆಂದಿತು. ಮಾನಿಟರಿನ ಕೇಬಲ್ ಇನ್ನೂ ಬೋರ್ಡಿನಲ್ಲೇ ಇತ್ತು. ಅದನ್ನು ಕಾರ್ಡಿಗೆ ಬದಲಾಯಿಸಿದ್ದು ಹುಡುಗನೇ.

ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ವಿಷಯ ಹೇಳಿದೆ. "ಪೊಟ್ಟಣದಲ್ಲಿ ಎಷ್ಟು ಉಳೀತು ಸಾರ್?" ಅಂದ. ಒಂದು ಅಂದೆ. "ಹಾಂ, ಅದು ಉಳೀಬೇಕು" ಅಂದ.