ಆರಿದ್ರಾ ಮಳೆಯಿಂದ ಸಿಡಿಯುವ ನಕ್ಷತ್ರದವರೆಗೆ: ನನ್ನ ತರಗತಿಯ ಅನುಭವ

ನಕ್ಷತ್ರ ಸಿಡಿಯುವ ಪಾಠವನ್ನು ನಾನು ಮಳೆಯಿಂದ ಶುರು ಮಾಡುತ್ತೇನೆ. ನಮ್ಮದು ಮಲೆನಾಡಿನ ಅಂಚಿನ ಹೈಸ್ಕೂಲು. ಮಳೆ ನಕ್ಷತ್ರಗಳ ಹೆಸರನ್ನು ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಎಂಬ ಮಾತು ಹಲವರಿಗೆ ಬಾಯಿಪಾಠ. ಆ ಆರಿದ್ರಾ ಕಣ್ಣಿಗೆ ಕಾಣುವ ಒಂದು ನಕ್ಷತ್ರ, ಇಂಗ್ಲಿಷಿನ ಬೀಟಲ್‌ಜೂಸ್, ಮುಂದೊಂದು ಕಾಲಕ್ಕೆ ಅದು ಸಿಡಿಯಲಿದೆ ಎಂದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ.

ಜೂನ್‌ನಲ್ಲಿ ಮಳೆ ಅಳೆಯುವುದೇ ಕೆಲಸ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಾಗಿ ಇಡುತ್ತೇವೆ. ಬಾಟಲಿಯ ತಳ ಉಬ್ಬುತಗ್ಗು. ಅದಕ್ಕೆ ಒಂದಷ್ಟು ಕಲ್ಲು ಹಾಕಿ, ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆ ಗುರುತು ಮಾಡುತ್ತೇವೆ. ಬೆಳಗ್ಗೆ 8:30ಕ್ಕೆ ಓದಿ ಬರೆಯಬೇಕು. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಇದು ಗೊತ್ತಾದ ಮೇಲೆ ತಮ್ಮ ಗದ್ದೆಗೆ ಎಷ್ಟು ನೀರು ಬಿತ್ತು ಎಂದು ಮಕ್ಕಳೇ ಲೆಕ್ಕ ಹಾಕುತ್ತಾರೆ.

‘ಮೇಡಂ, ಆರಿದ್ರಾ ಮಳೆ ಟೈಮಲ್ಲಿ ಆರಿದ್ರಾ ಯಾಕೆ ಕಾಣಲ್ಲ?’ ಈ ಪ್ರಶ್ನೆ ಬರಲಿ ಎಂದು ನಾನು ಕಾಯುತ್ತೇನೆ. ಮೋಡ ಒಂದು ಕಾರಣ. ದೊಡ್ಡ ಕಾರಣ ಸೂರ್ಯ. ಜೂನ್ ಕೊನೆಯಲ್ಲಿ ಸೂರ್ಯ ಆ ದಿಕ್ಕಿನಲ್ಲೇ ಇರುತ್ತಾನೆ. ನಕ್ಷತ್ರ ಹಗಲಲ್ಲಿ ಮೂಡಿ ಹಗಲಲ್ಲೇ ಮುಳುಗುತ್ತದೆ. ನೋಡಲು ಡಿಸೆಂಬರ್ ಬರಬೇಕು. ಆಗ ರಾತ್ರಿ ಪೂರ್ವದಲ್ಲಿ ಕೆಂಪಗೆ ಮೂಡುತ್ತದೆ. ಕೆಳಗಿದ್ದಾಗ ಜಾಸ್ತಿ ಮಿನುಗುತ್ತದೆ, ಮೇಲೇರಿದಂತೆ ಮಿನುಗು ತಗ್ಗುತ್ತದೆ. ಕೆಳಗಿದ್ದಾಗ ಅದರ ಬೆಳಕು ಜಾಸ್ತಿ ಗಾಳಿ ದಾಟಿ ಬರಬೇಕು, ಅಲ್ವಾ? ವಾತಾವರಣದ ಪಾಠ ಮತ್ತೆ ಬಂತು ನೋಡಿ.

ಸಿಡಿತ ತೋರಿಸಲು ಎರಡು ಚೆಂಡು ಸಾಕು. ಬಾಸ್ಕೆಟ್‌ಬಾಲ್ ಮೇಲೆ ಟೆನಿಸ್ ಚೆಂಡು ಇಟ್ಟು ಒಟ್ಟಿಗೆ ಬಿಡಬೇಕು. ಚಿಕ್ಕ ಚೆಂಡು ಬಿಟ್ಟ ಎತ್ತರಕ್ಕಿಂತ ಎಷ್ಟೋ ಮೇಲೆ ಹಾರುತ್ತದೆ. ದೊಡ್ಡ ನಕ್ಷತ್ರದ ಕಬ್ಬಿಣದ ತಿರುಳು ಒಂದು ಸೆಕೆಂಡಿನೊಳಗೆ ಕುಸಿದು ಗಟ್ಟಿಯಾಗುತ್ತದೆ. ಮೇಲಿಂದ ಬೀಳುತ್ತಿರುವ ಪದರಗಳು ಅದಕ್ಕೆ ಬಡಿದು ಪುಟಿಯುತ್ತವೆ. ಆದರೆ ಪದರಗಳನ್ನು ಹೊರಗೆ ತಳ್ಳಲು ನ್ಯೂಟ್ರಿನೊ ಎಂಬ ಕಣಗಳ ಬಲವೂ ಬೇಕು. ಚೆಂಡಿನಲ್ಲಿ ಅದು ಕಾಣುವುದಿಲ್ಲ ಎಂದು ತಪ್ಪದೆ ಹೇಳುತ್ತೇನೆ.

ಒಬ್ಬ ಹುಡುಗಿ ಕೇಳಿದಳು, ‘ಅದು ಜೂನ್‌ನಲ್ಲೇ ಸಿಡಿದರೆ ನಮಗೆ ಹೇಗೆ ಗೊತ್ತಾಗುತ್ತೆ?’ ಎಷ್ಟು ಒಳ್ಳೆಯ ಪ್ರಶ್ನೆ! ನ್ಯೂಟ್ರಿನೊಗಳಿಗೆ ಮೋಡವೂ ಅಡ್ಡಿಯಲ್ಲ, ಹಗಲೂ ಅಡ್ಡಿಯಲ್ಲ. 1987ರ ಫೆಬ್ರವರಿ 23ರಂದು ಪಕ್ಕದ ಗೆಲಾಕ್ಸಿಯ ಸೂಪರ್‌ನೋವಾದಿಂದ, ಅಂದರೆ ಸಿಡಿದ ನಕ್ಷತ್ರದಿಂದ, ಅವು ಬೆಳಕಿಗಿಂತ ಕೆಲವು ಗಂಟೆ ಮೊದಲೇ ಭೂಮಿಗೆ ಬಂದಿದ್ದವು. ಜಪಾನಿನ ನೆಲದಡಿಯ ಕಮಿಯೊಕಾಂಡೆ ಯಂತ್ರ ಅವುಗಳಲ್ಲಿ ಕೆಲವನ್ನು ಹಿಡಿದಿತ್ತು.

ಇಂಥ ಸಿಡಿತ ನಮ್ಮ ಗಾಳಿಯನ್ನೂ ಮುಟ್ಟುತ್ತದೆಯೇ? ಇದಕ್ಕೆ ಮೊದಲು ರೇಡಿಯೊ ಪ್ರಯೋಗ ಮಾಡಿಸುತ್ತೇನೆ. ಮಧ್ಯಾಹ್ನ ಮೀಡಿಯಂ ವೇವ್‌ನಲ್ಲಿ ಹತ್ತಿರದ ಆಕಾಶವಾಣಿ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ರಾತ್ರಿ ದೂರದೂರದ ಕೇಂದ್ರಗಳು ಕೇಳಿಸುತ್ತವೆ. ಸುಮಾರು 60 ಕಿ.ಮೀ. ಎತ್ತರದಿಂದ ಶುರುವಾಗುವ ಅಯಾನುಗೋಳವೇ, ಅಂದರೆ ವಿದ್ಯುತ್ ಆವೇಶದ ಕಣಗಳಿರುವ ಗಾಳಿಯ ಮೇಲ್ಪದರವೇ, ಇದಕ್ಕೆ ಕಾರಣ. ಅದರ ಕೆಳಪದರ ಹಗಲಲ್ಲಿ ರೇಡಿಯೊ ಅಲೆಗಳನ್ನು ನುಂಗುತ್ತದೆ. ರಾತ್ರಿ ಆ ಪದರ ಕರಗುತ್ತದೆ. ಆಗ ಅಲೆಗಳು ಮೇಲಿನ ಪದರಕ್ಕೆ ಬಡಿದು ದೂರದ ಊರಿಗೆ ಮರಳುತ್ತವೆ.

ಇಷ್ಟು ಅರ್ಥವಾದ ಮೇಲೆ 2022ರ ಅಕ್ಟೋಬರ್ 9ರ ಕಥೆ. ಅಂದು ಭಾನುವಾರ, ಸೀಗೆ ಹುಣ್ಣಿಮೆ. ನಮ್ಮ ಗಡಿಯಾರದಲ್ಲಿ ಸಂಜೆ 6:47. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂದೋ ಆದ ನಕ್ಷತ್ರ ಸ್ಫೋಟದ ಗಾಮಾ ಕಿರಣಗಳು ಭೂಮಿಗೆ ಬಂದವು. ನಮ್ಮ ಗಾಳಿ ಅವನ್ನು ನೆಲ ಮುಟ್ಟಲು ಬಿಡಲಿಲ್ಲ. ಆದರೆ ಅಯಾನುಗೋಳ ಕಲಕಿತು. ಭಾರತದಲ್ಲಿ ಮಿಂಚು ಪತ್ತೆ ಮಾಡಲು ಇಟ್ಟ ಉಪಕರಣಗಳಲ್ಲೂ ಅದು ದಾಖಲಾಯಿತು! ಮಿಂಚು ಹೊರಡಿಸುವ ಅತಿ ಕಡಿಮೆ ಆವರ್ತನದ ಅಲೆಗಳು ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಪುಟಿಯುತ್ತಾ ಸಾಗುತ್ತವೆ. ಆ ಅಲೆಗಳನ್ನು ಆಲಿಸುವ ಉಪಕರಣಕ್ಕೆ ಮೇಲಿನ ಕಲಕು ತಿಳಿಯದೆ ಇರುತ್ತದೆಯೇ?

ಇದನ್ನು ಕೇಳಿದ ಮೇಲೆ ಮಕ್ಕಳು ರೇಡಿಯೊ ಪ್ರಯೋಗವನ್ನು ಮನೆಯಲ್ಲೂ ಮಾಡುತ್ತೇವೆ ಎನ್ನುತ್ತಾರೆ. ಮೊಬೈಲಿನ ಎಫ್‌ಎಂ ಇದಕ್ಕೆ ಆಗುವುದಿಲ್ಲ. ಮೀಡಿಯಂ ವೇವ್ ಇರುವ ಹಳೆಯ ಸೆಟ್ಟು ಬೇಕು. ಎಲ್‌ಇಡಿ ಬಲ್ಬು, ಚಾರ್ಜರ್‌ಗಳಿಂದ ದೂರ, ಜಗಲಿಯಲ್ಲಿಟ್ಟು ಕೇಳಿದರೆ ಗೊರಗೊರ ಸದ್ದು ಕಡಿಮೆ.