ಸೋಮವಾರದ ಸಂಜೆ ಮತ್ತು ಉಳಿದ ದಿನಗಳು: ಹುಬ್ಬಳ್ಳಿ–ಧಾರವಾಡದ ಮಾರ್ಮನ್ ತಂದೆಗೊಂದು ಕೈಪಿಡಿ

ರೂಢಿಯಲ್ಲಿ ಮಾರ್ಮನ್ ಎಂದು ಕರೆಯಲಾಗುವ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯನ್ನು ಜೋಸೆಫ್ ಸ್ಮಿತ್ ಅವರು 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದರು. ನಮ್ಮ ಭಾಗದಲ್ಲಿ ಕ್ರೈಸ್ತರೆಂದರೆ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದ ಬಾಸೆಲ್ ಮಿಶನ್ನಿನ ಪರಂಪರೆಯವರೇ ಜನರ ಕಣ್ಣಿಗೆ ಬರುತ್ತಾರೆ. ನಮ್ಮ ಸಭೆಯ ಹೆಸರು ಹೇಳಿದರೆ ಅವರೂ ಹುಬ್ಬೇರಿಸುತ್ತಾರೆ, ನಮ್ಮ ಬಂಧುಗಳೂ ಹುಬ್ಬೇರಿಸುತ್ತಾರೆ. ಬೆಂಗಳೂರಿನಂಥ ಊರಿನಲ್ಲಿರುವ ತಂದೆಗೆ ದೊಡ್ಡ ಸಭೆಯ ಆಸರೆ ಇರುತ್ತದೆ, ಮಕ್ಕಳಿಗೆ ಅದೇ ನಂಬಿಕೆಯ ಗೆಳೆಯರು ಸಿಗುತ್ತಾರೆ. ಇಲ್ಲಿ ಸದಸ್ಯರು ವಿರಳ. ಒಂದೇ ಸೂರಿನಡಿ ಬೇರೆ ನಂಬಿಕೆಯ ಅವ್ವ, ಅಪ್ಪ, ಅಣ್ಣ, ಅತ್ತಿಗೆಯರೂ ಇರುತ್ತಾರೆ. ಹೀಗಾಗಿ ಮಕ್ಕಳಿಗೆ ನಂಬಿಕೆಯನ್ನು ಕಲಿಸುವ ಕೆಲಸದ ಬಹುಪಾಲು ಮನೆಯಲ್ಲೇ, ಅದರಲ್ಲೂ ಅಡುಗೆಮನೆಗೂ ಪಡಸಾಲೆಗೂ ನಡುವೆಯೇ ಆಗಬೇಕಾಗುತ್ತದೆ. 2019ರ ಜನವರಿಯಿಂದ ಸಭೆಯು ಭಾನುವಾರದ ಕೂಟವನ್ನು ಮೂರು ಗಂಟೆಯಿಂದ ಎರಡು ಗಂಟೆಗೆ ಇಳಿಸಿ, ಧರ್ಮಪಾಠದ ಮುಖ್ಯ ಹೊಣೆಯನ್ನು ಮನೆಗೇ ಒಪ್ಪಿಸಿರುವುದರಿಂದ ನಮ್ಮಂಥವರ ಸ್ಥಿತಿ ಈಗ ಅಪವಾದವಾಗಿ ಉಳಿದಿಲ್ಲ.

ಮೊದಲು ತಂದೆಯ ಸ್ಥಾನವನ್ನು ಸರಿಯಾಗಿ ತಿಳಿದುಕೊಳ್ಳಬೇಕು. 1995ರಲ್ಲಿ ಸಭೆಯು ಪ್ರಕಟಿಸಿದ ಕುಟುಂಬ ಕುರಿತ ಘೋಷಣೆಯು ತಂದೆ ಪ್ರೀತಿಯಿಂದಲೂ ನೀತಿಯಿಂದಲೂ ಕುಟುಂಬವನ್ನು ಮುನ್ನಡೆಸಬೇಕೆಂದು ಹೇಳುತ್ತದೆ. ಗಂಡಹೆಂಡಿರು ಸಮಾನ ಜೊತೆಗಾರರಾಗಿ ಪರಸ್ಪರ ನೆರವಾಗಬೇಕೆಂದೂ ಅದರಲ್ಲೇ ಇದೆ. ನಮ್ಮ ಕಡೆಯ ಯಜಮಾನಿಕೆಯ ಪದ್ಧತಿಯಲ್ಲಿ ಬೆಳೆದವನು ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡು ಎರಡನೆಯದನ್ನು ದಾಟಿಹೋಗುವ ಅಪಾಯವಿದೆ. ನನ್ನ ಅಭಿಪ್ರಾಯದಲ್ಲಿ ಮುನ್ನಡೆಸುವುದೆಂದರೆ ಮೊದಲು ಏಳುವುದು: ಪ್ರಾರ್ಥನೆಯ ಹೊತ್ತಾದಾಗ ಟಿವಿ ಆರಿಸಲು, ಚಾಪೆ ಹಾಸಲು, ಮಕ್ಕಳನ್ನು ಕರೆಯಲು ಹೆಂಡತಿಯನ್ನು ಕಾಯದೆ ತಾನೇ ಏಳುವುದು. ಇಷ್ಟನ್ನು ವರ್ಷವಿಡೀ ಬಿಡದೆ ಮಾಡಿದ ತಂದೆಗೆ ಅಧಿಕಾರದ ಮಾತನ್ನು ಆಡುವ ಪ್ರಸಂಗವೇ ಬರುವುದಿಲ್ಲ.

ಇನ್ನು ಸೋಮವಾರದ ಕುಟುಂಬ ಸಂಜೆ, ಅಂದರೆ ವಾರಕ್ಕೊಮ್ಮೆ ಮನೆಮಂದಿಯೆಲ್ಲ ಹಾಡು, ಪ್ರಾರ್ಥನೆ, ಪಾಠಕ್ಕೆಂದು ಕೂಡಿ ಕೂರುವ ಪದ್ಧತಿ. 1915ರಲ್ಲಿ ಸಭೆಯ ಅಂದಿನ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಅವರ ಕಾಲದಲ್ಲಿ ಈ ಪದ್ಧತಿಗೆ ಕರೆ ಬಂದಿತು, 1970ರಲ್ಲಿ ಸೋಮವಾರವನ್ನೇ ಗೊತ್ತುಪಡಿಸಲಾಯಿತು. ಈಗ ಕುಟುಂಬಕ್ಕೆ ಅನುಕೂಲವಾದ ಬೇರೆ ದಿನವೂ ನಡೆಯುತ್ತದೆ. ನಾನು ಸೋಮವಾರವನ್ನೇ ಸಲಹೆ ಮಾಡುತ್ತೇನೆ, ಏಕೆಂದರೆ ದಿನ ಬದಲಾಗುತ್ತಾ ಹೋದರೆ ಮಕ್ಕಳು ಅದನ್ನು ಅಪ್ಪನ ಮನಸ್ಸಿಗೆ ಬಂದಾಗ ನಡೆಯುವ ಕಾರ್ಯಕ್ರಮವೆಂದು ತಿಳಿಯುತ್ತಾರೆ. ಆದರೆ ಗಂಟೆಯನ್ನು ಮನೆಯ ಲಯ ನೋಡಿ ಇಟ್ಟುಕೊಳ್ಳಬೇಕು. ನಮ್ಮ ಅವ್ವ ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗಿ ಬರುತ್ತಾಳೆ. ಅವಳು ಬಂದು ಕೈಕಾಲು ತೊಳೆದುಕೊಂಡು ಕುಳಿತ ಮೇಲೆಯೇ ನಾವು ಆರಂಭಿಸುತ್ತೇವೆ. ಅವಳಿಲ್ಲದಾಗ ಮುಗಿಸಿಬಿಡುವುದು ಸುಲಭ, ಆದರೆ ಹಾಗೆ ಮಾಡಿದರೆ ಮನೆಯೊಳಗೆ ಕದ್ದು ನಡೆಸುವ ಕೆಲಸದಂತೆ ಕಾಣುತ್ತದೆ. ಎರಡನೆಯ ಸಂಗತಿ ನೀರು. ನಾಲ್ಕಾರು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿದ್ದು, ಆ ನಳ ಸರಿಯಾಗಿ ಸೋಮವಾರ ಏಳೂವರೆಗೆ ಬಂದರೆ, ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಎಲ್ಲರೂ ಕೊಡ, ಬಕೆಟ್ಟು, ಡ್ರಮ್ಮು ತುಂಬಿಸಲು ಹೋಗುವುದೇ ಸರಿ. ನೀರು ತುಂಬಿದ ಮೇಲೆ ಹತ್ತೇ ನಿಮಿಷ ಕುಳಿತರೂ ಆ ವಾರದ ಲೆಕ್ಕ ತಪ್ಪುವುದಿಲ್ಲ. ನಳಕ್ಕಾಗಿ ಇಡೀ ಸಂಜೆಯನ್ನು ಕೈಬಿಡುವುದೂ ಬೇಡ, ಸಂಜೆಗಾಗಿ ಹೆಂಡತಿಯೊಬ್ಬಳನ್ನೇ ನಳದ ಹತ್ತಿರ ಬಿಡುವುದಂತೂ ಬೇಡವೇ ಬೇಡ.

ಸಂಜೆಯ ಕ್ರಮ ಸರಳವಾಗಿರಲಿ: ಒಂದು ಹಾಡು, ಒಂದು ಪ್ರಾರ್ಥನೆ, ಚಿಕ್ಕ ಪಾಠ, ಒಂದು ಆಟ, ತಿನ್ನಲು ಏನಾದರೊಂದು, ಮತ್ತೆ ಪ್ರಾರ್ಥನೆ. ಯಾರ ಪಾಲಿಗೆ ಯಾವುದು ಎಂಬುದನ್ನು ಭಾನುವಾರವೇ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರೆ ಸೋಮವಾರದ ಜಗಳ ತಪ್ಪುತ್ತದೆ. ಓದು ಬಾರದ ಮಗುವಿಗೂ ಪಾಲು ಇರಬೇಕು. ಹಾಡನ್ನು ಆರಿಸುವುದು ಅದರ ಹಕ್ಕಾಗಲಿ. ಗಂಗೂಬಾಯಿ ಹಾನಗಲ್ ಮತ್ತು ಮಲ್ಲಿಕಾರ್ಜುನ ಮನ್ಸೂರರ ಹೆಸರು ಹೇಳುವ ಈ ಅವಳಿ ನಗರದಲ್ಲಿ ಪಕ್ಕದ ಮನೆಯವರಿಗೂ ಶ್ರುತಿಯ ಅರಿವಿರುತ್ತದೆ, ನಿಜ. ಆದರೂ ಕಿಟಕಿ ಮುಚ್ಚಬೇಡಿ. ಅವ್ವನಿಗೂ ಆಗಾಗ ಹಾಡಿನ ಸರದಿ ಕೊಡಿ. ಅವಳು ತತ್ವಪದ ಹಾಡಿದರೆ ಹಾಡಲಿ. ಸದ್ಗುಣವುಳ್ಳದ್ದು, ಸುಂದರವಾದದ್ದು ಎಲ್ಲಿದ್ದರೂ ಅದನ್ನು ನಾವು ಅರಸುತ್ತೇವೆ ಎಂದು ನಮ್ಮ ಹದಿಮೂರನೆಯ ವಿಶ್ವಾಸಸೂತ್ರವೇ ಹೇಳುತ್ತದೆ.

ಪಾಠದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಭೆಯ ಪಠ್ಯಕ್ರಮ ನಾಲ್ಕು ವರ್ಷಗಳ ಸುತ್ತಿನಲ್ಲಿ ಸತ್ಯವೇದದ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ನಮ್ಮ ಸಭೆಯವೇ ಆದ ಮಾರ್ಮನ್ ಗ್ರಂಥ ಮತ್ತು ‘ಡಾಕ್ಟ್ರಿನ್ ಆ್ಯಂಡ್ ಕವನೆಂಟ್ಸ್’ ಎಂಬ ಧರ್ಮಗ್ರಂಥಗಳಲ್ಲಿ ಸಾಗುತ್ತದೆ. ಅಂದರೆ ನಾಲ್ಕರಲ್ಲಿ ಎರಡು ವರ್ಷ ಬಹುಮಟ್ಟಿಗೆ ಕನ್ನಡದ ಸತ್ಯವೇದವೊಂದೇ ಸಾಕು. ಉಳಿದ ಎರಡು ವರ್ಷ ತಂದೆ ಮುಂಚಿತವಾಗಿ ಓದಿಕೊಂಡು ಕಥೆಯನ್ನು ತನ್ನ ಮಾತಿನಲ್ಲಿ, ಮನೆಯ ಕನ್ನಡದಲ್ಲಿ ಹೇಳಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮಾರ್ಮನ್ ಗ್ರಂಥದ ಆರಂಭದಲ್ಲಿ ಲೇಹಿ ಎಂಬ ತಂದೆ ಕುಟುಂಬವನ್ನು ಕರೆದುಕೊಂಡು ಯೆರೂಸಲೇಮ್ ಬಿಟ್ಟು ಮರುಭೂಮಿಯಲ್ಲಿ ಅಲೆಯುತ್ತಾನೆ. ಅವನ ಮಗ ನೇಫಿಯ ಉಕ್ಕಿನ ಬಿಲ್ಲು ಮುರಿಯುತ್ತದೆ, ಅಣ್ಣಂದಿರ ಬಿಲ್ಲುಗಳೂ ಬಿಗಿ ಕಳೆದುಕೊಂಡಿರುತ್ತವೆ, ಬೇಟೆ ಇಲ್ಲದೆ ಎಲ್ಲರೂ ಹಸಿದು ಗೊಣಗುತ್ತಾರೆ. ವಿಶೇಷವೆಂದರೆ ಲೇಹಿಯೂ ಗೊಣಗುತ್ತಾನೆ. ನೇಫಿ ಕಟ್ಟಿಗೆಯಿಂದ ಹೊಸ ಬಿಲ್ಲನ್ನು, ನೆಟ್ಟಗಿನ ಕೋಲಿನಿಂದ ಬಾಣವನ್ನು ಮಾಡಿಕೊಂಡು, ‘ಆಹಾರಕ್ಕಾಗಿ ನಾನು ಎಲ್ಲಿಗೆ ಹೋಗಲಿ’ ಎಂದು ಅದೇ ಗೊಣಗಿದ ತಂದೆಯನ್ನು ಕೇಳುತ್ತಾನೆ. ಲೇಹಿ ತಲೆ ತಗ್ಗಿಸಿ ದೇವರಲ್ಲಿ ವಿಚಾರಿಸುತ್ತಾನೆ.

ಇದನ್ನು ಹೇಳುವಾಗ ಒಂದು ಬಿದಿರು ಸೀಳನ್ನೂ ಸುತಳಿಯನ್ನೂ ಕೈಗೆ ಕೊಟ್ಟು ಮಕ್ಕಳಿಂದಲೇ ಬಿಲ್ಲು ಮಾಡಿಸಿ. ಸೀಳು ಬಾಗುತ್ತದೆ, ಗಂಟು ಜಾರುತ್ತದೆ, ದೊಡ್ಡವನು ಚಿಕ್ಕವನ ಕೈಯಿಂದ ಕಸಿದುಕೊಳ್ಳುತ್ತಾನೆ. ಅಣ್ಣತಮ್ಮಂದಿರ ಜಗಳ ಎಂಥದ್ದೆಂದು ಬೇರೆ ವಿವರಿಸಬೇಕಾಗಿಲ್ಲ. ಬಳಿಕ ಒಂದೇ ಪ್ರಶ್ನೆ ಕೇಳಿ: ಅಪ್ಪ ಗೊಣಗಿದನೆಂದು ಗೊತ್ತಿದ್ದೂ ಮಗ ಅವನನ್ನೇ ಏಕೆ ಕೇಳಿದ? ಬಂದ ಉತ್ತರವನ್ನು ತಿದ್ದಬೇಡಿ. ‘ಅಪ್ಪಗ ಸಿಟ್ಟು ಬರಬಾರದಂತ’ ಎಂದು ಏಳು ವರ್ಷದ ಹುಡುಗಿ ಹೇಳಿದರೆ ಅದನ್ನೂ ಕೇಳಿಸಿಕೊಳ್ಳಬೇಕು. ಆ ಉತ್ತರ ನಿಮಗೆ ಪಾಠವಾಗುತ್ತದೆ.

ಆ ಹೊತ್ತಿನಲ್ಲಿ ಪರೀಕ್ಷೆಯ ಅಂಕ, ಟ್ಯೂಶನ್ನು, ಕಳೆದುಹೋದ ಕಂಪಾಸ್ ಪೆಟ್ಟಿಗೆ ಇವುಗಳ ವಿಚಾರಣೆ ಕೂಡದು. ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಸಿಗುತ್ತಾರೆಂದು ಬುದ್ಧಿಮಾತಿನ ಗಂಟು ಬಿಚ್ಚುವ ಆಸೆ ತಂದೆಗೆ ಬಂದೇ ಬರುತ್ತದೆ, ಅದನ್ನು ಹತ್ತಿಕ್ಕಿಕೊಳ್ಳಬೇಕು. ನೆರೆಮನೆಯ ಮಕ್ಕಳು ಆಟಕ್ಕೂ ತಿಂಡಿಗೂ ಬಂದರೆ ಸಂತೋಷವೇ, ಆದರೆ ಅವರ ತಂದೆತಾಯಿಗೆ ತಿಳಿಸದೆ ಅವರನ್ನು ಪಾಠಕ್ಕೆ ಕೂರಿಸಿಕೊಳ್ಳಬಾರದು. ಇದು ಓಣಿಯ ಶಾಂತಿಗಾಗಿ ಅಷ್ಟೇ ಅಲ್ಲ, ನಿಮ್ಮ ಮಗುವನ್ನು ಯಾರಾದರೂ ಹಾಗೆ ಕೂರಿಸಿಕೊಂಡರೆ ನಿಮಗೆ ಹೇಗಾದೀತೆಂದು ಯೋಚಿಸಿದರೆ ಸಾಕು. ಬೇಸಿಗೆಯಲ್ಲಿ ಚಿಗರಿ ಬಸ್ಸು ಹತ್ತಿ ಉಣಕಲ್ ಕೆರೆಗೆ ಹೋಗಿ, ದಂಡೆಯ ಮೇಲೆ ಗಿರಮಿಟ್ಟು ತಿಂದು, ಅಲ್ಲೇ ಸತ್ಯವೇದದ ಒಂದು ವಚನ ಓದಿ ಬಂದರೂ ಅದು ಕುಟುಂಬ ಸಂಜೆಯೇ.

ಎಲ್ಲಕ್ಕಿಂತ ಕಷ್ಟದ್ದು ಚಹಾ. 1833ರಲ್ಲಿ ಬಂದ ‘ವರ್ಡ್ ಆಫ್ ವಿಸ್ಡಮ್’ ಎಂಬ ಆರೋಗ್ಯನಿಯಮದ ಪ್ರಕಾರ ಮದ್ಯ, ತಂಬಾಕು, ಚಹಾ, ಕಾಫಿ ನಮಗೆ ವರ್ಜ್ಯ. ಮದ್ಯ ಮತ್ತು ಗುಟಖಾ ಬಿಟ್ಟವನನ್ನು ಊರೇ ಹೊಗಳುತ್ತದೆ. ಚಹಾ ಬೇಡ ಎಂದವನನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ. ‘ಒಂದ್ ಕಪ್ ಚಾ ಕುಡದ್ರ ನಿಮ್ಮ ದೇವ್ರು ಸಿಟ್ಟಾಗ್ತಾನೇನಪಾ?’ ಎಂದು ಸೋದರತ್ತೆ ಕೇಳಿದಾಗ ಧರ್ಮಶಾಸ್ತ್ರ ಬಿಚ್ಚಬಾರದು. ‘ಚಾ ಬ್ಯಾಡ್ರಿ ಅತ್ತಿ, ಮಜ್ಜಿಗಿ ಇದ್ರ ಕೊಡ್ರಿ’ ಎಂದು ಬೇರೊಂದನ್ನು ಕೇಳಿ ಪಡೆಯಬೇಕು, ಏಕೆಂದರೆ ಈ ಕಡೆಯ ಮನೆಗಳಲ್ಲಿ ಏನನ್ನೂ ಮುಟ್ಟದೆ ಎದ್ದು ಬಂದರೆ ಅವಮಾನವಾಗುತ್ತದೆ. ಮಜ್ಜಿಗೆ, ಲಿಂಬು ಶರಬತ್ತು, ಚಹಾಪುಡಿ ಹಾಕದ ಶುಂಠಿ ಕಷಾಯ, ಬಿಸಿಹಾಲು ಇವುಗಳಲ್ಲಿ ಒಂದಾದರೂ ಪ್ರತಿ ಮನೆಯಲ್ಲಿ ಇರುತ್ತದೆ. ನಿಮ್ಮ ಮನೆಗೆ ಬಂದ ಅತಿಥಿಗೆ ಚಹಾ ಕೊಡಬೇಕೇ ಎಂಬುದನ್ನು ಗಂಡಹೆಂಡಿರು ಮೊದಲೇ ಮಾತಾಡಿಕೊಳ್ಳಬೇಕು. ನಾವು ಕಷಾಯ ಮತ್ತು ಬಾದಾಮಿ ಹಾಲು ಕೊಡುತ್ತೇವೆ, ಆದರೆ ಅವ್ವನ ಚಹಾಡಬ್ಬಿಗೆ ಕೈ ಹಚ್ಚುವುದಿಲ್ಲ. ಅದೇ ನಿಯಮದಲ್ಲಿ ಧಾನ್ಯವನ್ನು ಮನುಷ್ಯನ ಮುಖ್ಯ ಆಹಾರವೆಂದು ಹೊಗಳಿದೆ, ಮಾಂಸವನ್ನು ಮಿತವಾಗಿ ತಿನ್ನಲು ಹೇಳಿದೆ. ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ ಉಣ್ಣುವವನಿಗೆ ಆ ಭಾಗ ಕಷ್ಟವೇನಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ಉಪವಾಸ. ಆರೋಗ್ಯವಿದ್ದವರು ಬೆನ್ನುಬೆನ್ನಿಗೆ ಎರಡು ಊಟ ಬಿಟ್ಟು, ನೀರನ್ನೂ ಕುಡಿಯದೆ, ಬಿಟ್ಟ ಊಟದ ಬೆಲೆಯನ್ನಾದರೂ ಬಡವರಿಗಾಗಿ ಉಪವಾಸ ಕಾಣಿಕೆಯೆಂದು ಕೊಡುತ್ತಾರೆ. ಬಾಳೆಹಣ್ಣು, ಸಾಬೂದಾಣಿ ಖಿಚಡಿಯ ಫಳಾರಕ್ಕೆ ಅವಕಾಶವಿರುವ ಉಪವಾಸ ಕಂಡ ಹಿರಿಯರಿಗೆ ಇದು ವಿಪರೀತವೆನಿಸುತ್ತದೆ. ಚಿಕ್ಕ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆಯವರು ಮಾಡಬೇಕಾಗಿಲ್ಲವೆಂದು ಅವರಿಗೆ ಮೊದಲೇ ಹೇಳಿಬಿಡಿ. ಮಗು ತಾನಾಗಿ ಕೇಳಿದರೆ ಒಂದು ಊಟ ಬಿಡಲಿ. ಉಪವಾಸದ ದಿನ ತಂದೆ ಸಿಡುಕಿದರೆ ಮಕ್ಕಳಿಗೆ ಉಪವಾಸವೆಂದರೆ ಅಪ್ಪನ ಸಿಡುಕು ಎಂದಾಗುತ್ತದೆ, ಆದ್ದರಿಂದ ಶನಿವಾರ ರಾತ್ರಿ ಬೇಗ ಮಲಗುವುದು ಒಳ್ಳೆಯದು.

ಎಂಟು ವರ್ಷ ತುಂಬಿದ ಮಗುವಿಗೆ ದೀಕ್ಷಾಸ್ನಾನ. ತಕ್ಕ ಯಾಜಕತ್ವ, ಅಂದರೆ ಧರ್ಮವಿಧಿ ನಡೆಸುವ ಅಧಿಕಾರವಿದ್ದು ಸಭೆಯ ಮುಖಂಡರ ಅನುಮತಿ ದೊರೆತರೆ ತಂದೆಯೇ ತನ್ನ ಮಗುವನ್ನು ನೀರಿನಲ್ಲಿ ಮುಳುಗಿಸಿ ಎತ್ತಬಹುದು. ಗೊತ್ತಾದ ಮಾತುಗಳಲ್ಲಿ ತಪ್ಪಾದರೆ, ಅಥವಾ ಬಟ್ಟೆಯ ಅಂಚಾಗಲಿ ಕೂದಲಾಗಲಿ ನೀರಿನ ಮೇಲೆ ಉಳಿದರೆ, ಮತ್ತೆ ಮಾಡಬೇಕಾಗುತ್ತದೆ. ಹೀಗಾಗಿ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು, ಮೂಗು ಹಿಡಿದು ಮೊಣಕಾಲು ಮಡಿಸುವುದನ್ನು ಮನೆಯ ಚಾಪೆಯ ಮೇಲೆ ಮಗುವಿಗೆ ಅಭ್ಯಾಸ ಮಾಡಿಸಿ. ಸಾಕ್ಷಿಗಳು ಇಬ್ಬರು ಬೇಕು. 2019ರ ಅಕ್ಟೋಬರಿನಿಂದ ದೀಕ್ಷಾಸ್ನಾನ ಪಡೆದ ಹೆಂಗಸರೂ ಮಕ್ಕಳೂ ಸಾಕ್ಷಿಯಾಗಬಹುದಾದ್ದರಿಂದ ತಾಯಿಗೂ ಅಕ್ಕನಿಗೂ ಆ ಸ್ಥಾನ ಕೊಡಬಹುದು. ಅಜ್ಜ ಅಜ್ಜಿಗೆ ವಾರ ಮುಂಚೆಯೇ ತಿಳಿಸಿ, ಬರುವುದು ಬಿಡುವುದು ಅವರ ಇಷ್ಟಕ್ಕೆ ಬಿಡಿ. ಶಾಲೆ ಆರಂಭವಾಗುವ ಹೊತ್ತಿಗೆ ತಲೆಯ ಮೇಲೆ ಕೈಯಿಟ್ಟು ಕೊಡುವ ತಂದೆಯ ಆಶೀರ್ವಾದಕ್ಕೆ ಇಷ್ಟೆಲ್ಲ ಸಿದ್ಧತೆ ಬೇಡ. ಹಿರಿಯರ ಕಾಲಿಗೆರಗಿ ಆಶೀರ್ವಾದ ಪಡೆಯುವ ನಮ್ಮ ಮಕ್ಕಳಿಗೆ ಅದು ಹೊಸದೂ ಅಲ್ಲ. ಜ್ವರ ಬಂದ ಮಗುವಿಗೆ ಪವಿತ್ರಗೊಳಿಸಿದ ಆಲಿವ್ ಎಣ್ಣೆಯ ಹನಿ ಹಚ್ಚಿ ಪ್ರಾರ್ಥಿಸುವುದುಂಟು. ಅದರ ಜೊತೆಗೆ ಡಾಕ್ಟರ ಹತ್ತಿರವೂ ಹೋಗಲೇಬೇಕು.

ಹಬ್ಬಗಳಲ್ಲಿ ಎಲ್ಲಿಯವರೆಗೆ ಪಾಲ್ಗೊಳ್ಳುವುದೆಂದು ಪ್ರತಿ ಕುಟುಂಬವೂ ತಾನೇ ತೀರ್ಮಾನಿಸಬೇಕು, ಅದೂ ಹಬ್ಬದ ಹಿಂದಿನ ವಾರ. ಅಣ್ಣನ ಮನೆಯ ಹೊಸ್ತಿಲಲ್ಲಿ ನಿಂತು ಹೆಂಡತಿಯೊಡನೆ ಪಿಸುಗುಟ್ಟುವುದು ಸರಿಯಲ್ಲ. ದಸರೆಯಲ್ಲಿ ಹಿರಿಯರಿಗೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವುದರಲ್ಲಿ, ಪಂಚಮಿಯ ಉಂಡಿ ತಿಂದು ಜೋಕಾಲಿ ಆಡುವುದರಲ್ಲಿ ನನಗೆ ಯಾವ ಅಡ್ಡಿಯೂ ಕಂಡಿಲ್ಲ. ಪೂಜೆಗೆ ನಾವು ಕೂರುವುದಿಲ್ಲ. ಆದರೆ ಅಂದು ನೀರು ಹೊರುವುದು, ಎಲೆ ಹಾಕುವುದು, ಬಡಿಸುವುದು ನನ್ನ ಪಾಲಿನ ಕೆಲಸವೆಂದು ಅಣ್ಣನಿಗೆ ಗೊತ್ತಿದೆ.

ಹಣದ ಮಾತು ಚಿಕ್ಕದು. ಹಬ್ಬಕ್ಕೆ ಬಂದ ನೂರು ರೂಪಾಯಿಯಲ್ಲಿ ಹತ್ತನ್ನು ಮಗುವೇ ಎಣಿಸಿ ಸಭೆಗೆ ಕೊಡುವ ದಶಮಾಂಶಕ್ಕೆ ತೆಗೆದಿಡಲಿ. ಮೂರು ತಿಂಗಳಿಗೆ ಸಾಲುವಷ್ಟು ನಿತ್ಯದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಡಿ ಎಂದು ಸಭೆ ಹೇಳುತ್ತದೆ. ಒಂದು ಕಾಲಕ್ಕೆ ಹಗೇವಿನಲ್ಲಿ ಜೋಳ ತುಂಬಿಟ್ಟ ಸೀಮೆಯವರಿಗೆ ಇದನ್ನು ಅಮೆರಿಕದವರು ಕಲಿಸಬೇಕಾಗಿಲ್ಲ. ಸುಗ್ಗಿಯಲ್ಲಿ ಜೋಳ ಕೊಂಡು, ಒಣಗಿಸಿ, ಬೇವಿನ ಎಲೆ ಬೆರೆಸಿ ತುಂಬಿಡುವ ಕೆಲಸವನ್ನು ಅವ್ವನ ಕೈಯಿಂದಲೇ ಮಕ್ಕಳಿಗೆ ಕಲಿಸಿ.

ಹದಿನೈದರ ಹುಡುಗ ಒಂದು ಸೋಮವಾರ ‘ನಾ ಕೂಡೂದಿಲ್ಲ’ ಎನ್ನುತ್ತಾನೆ. ಎಳೆದು ತರಬೇಡಿ, ಆಯ್ಕೆಯ ಸ್ವಾತಂತ್ರ್ಯ ನಮ್ಮ ಬೋಧನೆಯ ಬುಡದಲ್ಲೇ ಇದೆ. ಬಾಗಿಲು ತೆರೆದಿಟ್ಟು ಉಳಿದವರು ಆರಂಭಿಸಿ, ತಿಂಡಿಯಲ್ಲಿ ಅವನ ಪಾಲನ್ನು ಎತ್ತಿಡಿ, ಮರುವಾರ ಪಾಠವನ್ನು ಅವನಿಗೇ ವಹಿಸಿ. ಬೆಂಗಳೂರಿನಲ್ಲಿ ಭಾರತದಲ್ಲೇ ನಮ್ಮ ಸಭೆಯ ಮೊದಲ ಮಂದಿರ ಕಟ್ಟುವುದಾಗಿ 2018ರ ಏಪ್ರಿಲಿನಲ್ಲಿ ಘೋಷಣೆಯಾಗಿ 2020ರ ಡಿಸೆಂಬರ್ 2ರಂದು ನೆಲ ಅಗೆಯುವ ಕಾರ್ಯ ನಡೆಯಿತು. ಅದನ್ನು ತೋರಿಸಲು ಅವನನ್ನು ಒಬ್ಬನನ್ನೇ ಕರೆದುಕೊಂಡು ಹೋಗಿ. ರಾಣಿ ಚೆನ್ನಮ್ಮ ರೈಲಿಗೆ ರಾತ್ರಿ ಹುಬ್ಬಳ್ಳಿಯಲ್ಲಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ಟಿಕೆಟನ್ನು ಮೊದಲೇ ಕಾಯ್ದಿರಿಸಿ, ಬುತ್ತಿ ಕಟ್ಟಿಕೊಳ್ಳಿ, ದಾರಿಯಲ್ಲಿ ಅವನು ಮಾತಾಡುವವರೆಗೆ ನೀವು ಧರ್ಮದ ಮಾತು ತೆಗೆಯಬೇಡಿ.